ಗಂಟು ಬಿಚ್ಚುವ ಮುಂಚೆ ಒಳಗೆ ಇಣುಕಿ

ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಕಳಸದ ಕಡೆ ದೊಡ್ಡ ಫೈಲು ಒಂದೇ ಓಟಕ್ಕೆ ಡೌನ್‌ಲೋಡ್ ಆಗುವುದು ಅಪರೂಪ. ತೋಟದ ಡ್ರೋನ್ ಸರ್ವೆಯ 3 ಜಿಬಿ ಜಿಪ್ ಮುಕ್ಕಾಲು ಇಳಿದಿರುತ್ತದೆ, ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಫೋಲ್ಡರಿನಲ್ಲಿ ಫೈಲಿನ ಹೆಸರು ಮಾತ್ರ ಸರಿಯಾಗಿಯೇ ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿದರೆ ‘ತೆರೆಯಲಾಗಲಿಲ್ಲ’ ಎಂದಷ್ಟೇ ಉತ್ತರ. ಯಾಕೆ ಎಂದು ತಿಳಿಯಬೇಕಾದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೇ, ಅಂದರೆ ಟರ್ಮಿನಲ್‌ಗೇ ಹೋಗಬೇಕು.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದಲ್ಲಿ ಹೇಳಿದೆ.

ಲಿನಕ್ಸ್‌ನಲ್ಲಿ ಮೊದಲು ‘ಫೈಲ್ ತೋಟ.ಜಿಪ್’ ಎಂದು ಕೇಳಿ. ಫೈಲಿನ ಹೆಸರನ್ನು ನಂಬದೆ, ಒಳಗಿನ ಮೊದಲ ಬೈಟ್‌ಗಳನ್ನು ನೋಡಿ ಅದು ಏನೆಂದು ಹೇಳುವ ಕಮಾಂಡ್ ಇದು. ‘ಎಚ್‌ಟಿಎಂಎಲ್ ಡಾಕ್ಯುಮೆಂಟ್’ ಎಂದು ಬಂದರೆ ನಿಮಗೆ ಸಿಕ್ಕಿರುವುದು ಜಿಪ್ ಅಲ್ಲ, ಲಾಗಿನ್ ಪುಟವೋ ಅವಧಿ ಮುಗಿದ ಲಿಂಕಿನ ಪುಟವೋ ಜಿಪ್ ಎಂಬ ಹೆಸರಿನಲ್ಲಿ ಬಂದು ಕೂತಿದೆ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಹೊಸ ಲಿಂಕ್ ಕೇಳಿ.

ಜಿಪ್ ಎಂದೇ ಬಂದರೆ ‘ಅನ್‌ಜಿಪ್ -ಟಿ ತೋಟ.ಜಿಪ್’. ಇದು ಏನನ್ನೂ ಬಿಚ್ಚದೆ ಪ್ರತಿ ಫೈಲಿನ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಹೇಳುವ ಸಂಖ್ಯೆ) ತಾಳೆ ನೋಡುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡ್ ಆದರೆ ‘ಎಂಡ್ ಆಫ್ ಸೆಂಟ್ರಲ್ ಡೈರೆಕ್ಟರಿ ಸಿಗ್ನೇಚರ್ ನಾಟ್ ಫೌಂಡ್’ ಎನ್ನುತ್ತದೆ. ಮುಕ್ಕಾಲು ಪಾಲು ಡೇಟಾ ಕೈಯಲ್ಲಿದ್ದೂ ಒಂದು ಫೋಟೋ ಕೂಡ ಹೊರಬರದಿರುವುದಕ್ಕೆ ಕಾರಣ ಇಲ್ಲೇ ಇದೆ. ಜಿಪ್‌ನ ಪರಿವಿಡಿ ಇರುವುದು ಫೈಲಿನ ಕೊನೆಯಲ್ಲಿ. ಬಾಲ ಬರದಿದ್ದರೆ ಯಾವುದು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಜಿಪ್‌ನಂತೆಯೇ ಹಲವು ಫೈಲುಗಳನ್ನು ಒಂದೇ ಗಂಟು ಕಟ್ಟುವ ಟಾರ್‌ನ ರೀತಿಯೇ ಬೇರೆ. 1979ರ ಯುನಿಕ್ಸ್ 7ನೇ ಆವೃತ್ತಿಯ ಜೊತೆ ಬಂದ ಇದು ಹೆಸರೇ (ಟೇಪ್ ಆರ್ಕೈವ್) ಹೇಳುವಂತೆ ಟೇಪಿಗಾಗಿ ಮಾಡಿದ್ದು. ಒಂದು ಫೈಲಿನ ವಿವರ, ಅದರ ಬೆನ್ನಿಗೇ ಅದರ ಡೇಟಾ, ಆಮೇಲೆ ಮುಂದಿನ ಫೈಲು. ಕೊನೆಯಲ್ಲಿ ಪರಿವಿಡಿ ಎಂಬುದೇ ಇಲ್ಲ. ಹಾಗಾಗಿ ತುಂಡಾದ ಟಾರ್.ಜಿಜೆಡ್ (ಕುಗ್ಗಿಸಿದ ಟಾರ್) ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಎಂದು ಗೊಣಗಿದರೂ ತುಂಡಾದ ಜಾಗದವರೆಗಿನದನ್ನು ಬಿಚ್ಚಿಕೊಡುತ್ತದೆ. ಕೊನೆಗೆ ಬಂದ ಒಂದು ಫೈಲು ಮಾತ್ರ ಅರ್ಧಂಬರ್ಧ, ಅದನ್ನು ಅಳಿಸಿ.

ತುಂಡಾದ ಜಿಪ್‌ಗೆ ಎರಡು ದಾರಿ. ‘ಡಬ್ಲ್ಯೂಗೆಟ್ -ಸಿ’ ಕೊಟ್ಟು ಅದೇ ಲಿಂಕ್ ಹಾಕಿದರೆ, ಸರ್ವರ್ ಒಪ್ಪುವುದಾದರೆ, ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮೊದಲು ಪ್ರಯತ್ನಿಸಬೇಕಾದದ್ದು ಇದು. ಲಿಂಕ್ ಸತ್ತಿದ್ದರೆ ‘ಜಿಪ್ -ಎಫ್ಎಫ್ ತೋಟ.ಜಿಪ್ --ಔಟ್ ಸರಿ.ಜಿಪ್’, ಎರಡೂ ಎಫ್ ದೊಡ್ಡಕ್ಷರ. ಜಿಪ್‌ನಲ್ಲಿ ಪ್ರತಿ ಫೈಲಿನ ಮುಂದೆಯೂ ಒಂದು ಚಿಕ್ಕ ತಲೆಬರಹ ಇರುತ್ತದೆ. ಈ ಕಮಾಂಡ್ ಆ ತಲೆಬರಹಗಳನ್ನು ಒಂದೊಂದಾಗಿ ಹುಡುಕಿ ಹೊಸ ಪರಿವಿಡಿ ಕಟ್ಟುತ್ತದೆ. ಎಲ್ಲವೂ ಸಿಗುತ್ತದೆಂಬ ಭರವಸೆ ಬೇಡ.

ಫೈಲು ಆರೋಗ್ಯವಾಗಿದ್ದರೂ ನೇರ ಬಿಚ್ಚಬೇಡಿ. ‘ಅನ್‌ಜಿಪ್ -ಎಲ್’ ಅಥವಾ ‘ಟಾರ್ -ಟಿಎಫ್’ ಕೊಟ್ಟು ಪಟ್ಟಿ ನೋಡಿ. ಎಲ್ಲ ಸಾಲುಗಳೂ ಒಂದೇ ಫೋಲ್ಡರಿನ ಹೆಸರಿನಿಂದ ಶುರುವಾದರೆ ಸರಿ. ಇಲ್ಲದಿದ್ದರೆ ನಾನೂರು ಫೋಟೋಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಣಹಾಕಿದ ಕಾಫಿ ಬೀಜದ ಹಾಗೆ ಹರಡಿಕೊಳ್ಳುತ್ತವೆ, ಗುಡಿಸುವ ಕೆಲಸ ನಿಮ್ಮದು. ಜಿಪ್ ಆದರೆ ‘ಅನ್‌ಜಿಪ್ ತೋಟ.ಜಿಪ್ -ಡಿ ಸರ್ವೆ’ ಸಾಕು, ಫೋಲ್ಡರ್ ಇಲ್ಲದಿದ್ದರೆ ಅದೇ ಮಾಡಿಕೊಳ್ಳುತ್ತದೆ. ಟಾರ್ ಮಾಡಿಕೊಳ್ಳುವುದಿಲ್ಲ. ಮೊದಲು ‘ಎಂಕೆಡಿಐಆರ್ ಸರ್ವೆ’, ಆಮೇಲೆ ‘ಟಾರ್ -ಎಕ್ಸ್‌ಎಫ್ ತೋಟ.ಟಾರ್.ಜಿಜೆಡ್ -ಸಿ ಸರ್ವೆ’. ಇಲ್ಲಿ ಸಿ ದೊಡ್ಡಕ್ಷರವೇ ಆಗಬೇಕು, ಸಣ್ಣ ಸಿ ಎಂದರೆ ಹೊಸ ಟಾರ್ ಕಟ್ಟು ಎಂಬ ಅರ್ಥ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅನ್‌ಜಿಪ್ ಕೇಳುತ್ತದೆ, ಟಾರ್ ಕೇಳದೆ ಅದರ ಮೇಲೇ ಬರೆಯುತ್ತದೆ. ಕಳೆದ ವರ್ಷದ ಬ್ಯಾಕಪ್ ಬಿಚ್ಚಿ ಈ ವರ್ಷದ ಇಂಚು–ಸೆಂಟಿನ ಮಳೆ ಲೆಕ್ಕ ಕಳೆದುಕೊಳ್ಳುವುದು ಹೀಗೆಯೇ. ಟಾರ್‌ಗೆ ‘-ಕೆ’ ಸೇರಿಸಿದರೆ ಇರುವುದನ್ನು ಮುಟ್ಟುವುದಿಲ್ಲ.

‘ಅನ್‌ಜಿಪ್ *.ಜಿಪ್’ ಎಂದು ಹಲವು ಜಿಪ್‌ಗಳನ್ನು ಒಟ್ಟಿಗೆ ಬಿಚ್ಚಲು ಹೋದರೆ ‘ಫೈಲ್‌ನೇಮ್ ನಾಟ್ ಮ್ಯಾಚ್ಡ್’ ಬರುತ್ತದೆ. ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದುವ ಪ್ರೋಗ್ರಾಂ, ಅಂದರೆ ಶೆಲ್, ನಕ್ಷತ್ರವನ್ನು ಮೊದಲೇ ಎಲ್ಲ ಜಿಪ್‌ಗಳ ಹೆಸರಾಗಿ ವಿಸ್ತರಿಸಿಬಿಡುತ್ತದೆ. ಆಗ ಮೊದಲ ಜಿಪ್‌ನ ಒಳಗೆ ಉಳಿದ ಜಿಪ್‌ಗಳನ್ನು ಹುಡುಕು ಎಂದಂತಾಗುತ್ತದೆ. ‘*.ಜಿಪ್’ ಅನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಮುಗಿಯಿತು. ಪಾಸ್‌ವರ್ಡ್ ಸರಿಯಿದ್ದೂ ‘ನೀಡ್ ಪಿಕೆ ಕಂಪ್ಯಾಟ್ ವಿ5.1’ ಎಂದರೆ ಅದು ಎಇಎಸ್ ಎಂಬ ಗೂಢಲಿಪಿಯ ಬೀಗ, ಅನ್‌ಜಿಪ್‌ನ ಕೈಲಾಗದು. ‘7ಜೆಡ್ ಎಕ್ಸ್’ ಬಳಸಿ. ಎಕ್ಸ್ ಬದಲು ಇ ಒತ್ತಿದರೆ ಫೋಲ್ಡರ್ ರಚನೆಯೆಲ್ಲ ಹೋಗಿ ಫೈಲುಗಳು ಒಂದೇ ರಾಶಿಯಾಗುತ್ತವೆ.

ಇನ್ನು ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು. ವಿಂಡೋಸ್‌ನಲ್ಲಿ ಕಟ್ಟಿದ ಜಿಪ್ ಲಿನಕ್ಸ್‌ನಲ್ಲಿ ‘ಫೈಲ್ ನೇಮ್ ಟೂ ಲಾಂಗ್’ ಎಂದು ಕೆಲವೊಮ್ಮೆ ಒಂದೆರಡು ಫೈಲುಗಳನ್ನು ಬಿಟ್ಟುಬಿಡುತ್ತದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸ್‌ನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆ, ಒತ್ತಕ್ಷರ ಕಟ್ಟುವ ಪ್ರತಿ ‘್’ ಚಿಹ್ನೆಗೂ 3 ಬೈಟ್ ಬೇಕು. ‘ಚಿಕ್ಕಮಗಳೂರು’ ಕಣ್ಣಿಗೆ 6 ಅಕ್ಷರ, ಬಿಡಿಸಿದರೆ 11 ಸಂಕೇತ, ಅಂದರೆ 33 ಬೈಟ್. ಆ ಹೆಸರನ್ನು ಒಂದರ ಪಕ್ಕ ಒಂದು 8 ಸಲ ಬರೆದರೆ 264 ಆಗಿ ಮಿತಿ ದಾಟಿತು. ವಿಂಡೋಸ್ ಬೈಟ್ ಲೆಕ್ಕ ಇಡದೆ 255 ಸಂಕೇತ ಎಣಿಸುವುದರಿಂದ ಅಲ್ಲಿ 23 ಸಲ ಬರೆದರೂ ನಡೆಯುತ್ತದೆ. ‘ತಾಲ್ಲೂಕುವಾರು ಪರಿಷ್ಕೃತ ಅಂತಿಮ ಪಟ್ಟಿ’ ಎಂದು ಉದ್ದುದ್ದ ಹೆಸರಿಡುವ ನಮ್ಮ ಅಭ್ಯಾಸಕ್ಕೆ ಇದು ಸಾಕಷ್ಟು ಹತ್ತಿರದ ಮಿತಿ.

ಅಂಥ ಫೈಲನ್ನು ಹೊರತೆಗೆಯಲು ‘ಅನ್‌ಜಿಪ್ -ಪಿ ತೋಟ.ಜಿಪ್ "*ಅಂತಿಮ*.ಪಿಡಿಎಫ್" > ಪಟ್ಟಿ.ಪಿಡಿಎಫ್’. ಪಿ ಸಣ್ಣಕ್ಷರ. ಒಳಗಿನದನ್ನು ಮೂಲ ಹೆಸರಿನ ಗೊಡವೆಯಿಲ್ಲದೆ ನೀವು ಕೊಟ್ಟ ಚಿಕ್ಕ ಹೆಸರಿಗೆ ಸುರಿಯುತ್ತದೆ. ನಕ್ಷತ್ರಕ್ಕೆ ಒಂದೇ ಫೈಲು ಹೊಂದುವಂತೆ ನೋಡಿಕೊಳ್ಳಿ. ಎರಡು ಹೊಂದಿದರೆ ಎರಡನ್ನೂ ಒಂದರ ಹಿಂದೆ ಒಂದು ಅದೇ ಪಿಡಿಎಫ್‌ಗೆ ಸುರಿದುಬಿಡುತ್ತದೆ.