ಕುಲಪತಿ ನೇಮಕದ ಹಳೇ ಗಂಟು: 1916ರಿಂದ ಇವತ್ತಿನವರೆಗೆ

ವಿಶ್ವವಿದ್ಯಾನಿಲಯಕ್ಕೆ ಕುಲಪತಿ ನೇಮಕ ಅಂದ ಕೂಡಲೇ ಈಗ ರಾಜ್ಯಪಾಲರ ರಾಜಭವನ, ಸರ್ಕಾರದ ವಿಧಾನಸೌಧ ಎರಡೂ ಸುದ್ದಿಗೆ ಬರುತ್ತವೆ. ದುಡ್ಡು ಯಾರದು, ಅಧಿಕಾರ ಯಾರದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾಯ್ದೆ ತೋರಿಸುತ್ತಾರೆ. ಗಂಟು ಎಲ್ಲಿ ಬಿತ್ತು ಅಂತ ಹುಡುಕಿದರೆ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ದಿನಗಳಿಗೇ ಹೋಗಬೇಕಾಗುತ್ತದೆ.

ಅದಕ್ಕೂ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿವಿಗೆ ಸೇರಿದ್ದವು. ಪಾಠ ಇಲ್ಲಿ, ಪರೀಕ್ಷೆ ಮತ್ತು ಡಿಗ್ರಿ ಅಲ್ಲಿಯದು. ಕಾಲೇಜು ನಡೆಸೋಕೆ ಸಂಸ್ಥಾನದ ದುಡ್ಡು, ಏನು ಕಲಿಸಬೇಕು ಅನ್ನೋದಕ್ಕೆ ಮದ್ರಾಸಿನ ಮಾತು. ಇದು ದಿವಾನ್ ವಿಶ್ವೇಶ್ವರಯ್ಯನವರಿಗೆ ಹಿಡಿಸಲಿಲ್ಲ. ಥಾಮಸ್ ಡೆನ್‌ಹ್ಯಾಮ್ ಆಸ್ಟ್ರೇಲಿಯಾದ ವಿವಿಗಳ ಬಗ್ಗೆ, ಸಿ.ಆರ್. ರೆಡ್ಡಿ ಯುರೋಪ್ ಮತ್ತು ಅಮೆರಿಕದ ವಿವಿಗಳ ಬಗ್ಗೆ ವರದಿ ಕೊಟ್ಟರು. 1916ರ ಜುಲೈ 27ರಂದು ಮೈಸೂರು ವಿವಿ ಶುರುವಾಯಿತು. ದೇಶೀ ಸಂಸ್ಥಾನವೊಂದರಲ್ಲಿ ಇದೇ ಮೊದಲನೆಯದು.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಅಂದರೆ ಕುಲಪತಿಗಿಂತ ಮೇಲಿನ ಕುರ್ಚಿ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಚೀಫ್ ಕೋರ್ಟಿನಲ್ಲಿ ಜಡ್ಜ್ ಆಗಿದ್ದವರು, ಸರ್ಕಾರದ ಒಳಹೊರಗು ಬಲ್ಲವರು. ಜೊತೆಗೆ ರಿಜಿಸ್ಟ್ರಾರ್, ಆಡಳಿತಕ್ಕೆ ಕೌನ್ಸಿಲ್, ಚರ್ಚೆಗೆ ಸೆನೆಟ್. ಕಾಗದದ ಮೇಲೆ ಎಲ್ಲ ಚೆಂದವೇ. ಆದರೆ ಎರಡೂ ಕಾಲೇಜು ಸರ್ಕಾರದವು, ಮೇಷ್ಟ್ರುಗಳಿಗೆ ಸಂಬಳವೂ ಸರ್ಕಾರದ್ದೇ. ಮದ್ರಾಸಿನ ಹಗ್ಗ ಬಿಚ್ಚಿದ್ದು ನಿಜ. ಬಿಚ್ಚಿದ ತುದಿಯನ್ನು ತಂದು ಸರ್ಕಾರ ಕೂತಿದ್ದ ಬೆಂಗಳೂರಿನ ಅಠಾರಾ ಕಚೇರಿಗೆ ಕಟ್ಟಿದ ಹಾಗಾಯಿತು, ಅಷ್ಟೇ.

ಸಾಲದ್ದಕ್ಕೆ ಊರುಗಳ ನಡುವಿನ ದೂರ ಬೇರೆ. ಆರ್ಟ್ಸ್ ಮೈಸೂರಿನಲ್ಲಿ, ಸೈನ್ಸ್ ಬೆಂಗಳೂರಿನಲ್ಲಿ. ಕುಲಪತಿ ಮೈಸೂರಿನಲ್ಲಿ, ದುಡ್ಡು ಮಂಜೂರು ಮಾಡುವವರು ಬೆಂಗಳೂರಿನಲ್ಲಿ. ಒಂದು ವಿವಿಯ ಕಚೇರಿಗೆ ಹೆಸರಿನ ಒಂದೇ ಒಂದು ಅಕ್ಷರ ತಿದ್ದಿಸಲು ನಾನು ಮೂರು ಸಲ ಅಲೆದಿದ್ದೇನೆ. ಆಗಿನ ಫೈಲುಗಳ ಪಾಡು ಊಹಿಸಬಲ್ಲೆ.

1918ರ ಮೊದಲ ಘಟಿಕೋತ್ಸವಕ್ಕೆ ಕಲ್ಕತ್ತಾ ವಿವಿಗೆ ಕುಲಪತಿಯಾಗಿದ್ದ ಅಶುತೋಷ್ ಮುಖರ್ಜಿ ಬಂದು ಭಾಷಣ ಮಾಡಿದರು. ಮೂರೇ ವರ್ಷದಲ್ಲಿ ಮಹಾರಾಜಾ ಕಾಲೇಜಿನ ರಾಧಾಕೃಷ್ಣನ್ ಕಲ್ಕತ್ತಾ ವಿವಿಗೆ ಹೊರಟರು. ಹೂವಿನಿಂದ ಸಿಂಗರಿಸಿದ ಸಾರೋಟನ್ನು ಹುಡುಗರೇ ಸ್ಟೇಷನ್ನಿನವರೆಗೆ ಎಳೆದರು. ಬಂದ ಅತಿಥಿ ಸುಮ್ನೆ ಹೋಗಲಿಲ್ಲ ಅನ್ನಿ.

ನಂಜುಂಡಯ್ಯನವರ ನಂತರ ಬಂದವರು ಬ್ರಜೇಂದ್ರನಾಥ್ ಸೀಲ್. ದೊಡ್ಡ ತತ್ವಜ್ಞಾನಿ. ಸಂಸ್ಥಾನದ ಆಡಳಿತ ಸುಧಾರಣೆಗೆ ಸಮಿತಿ ಮಾಡಿದಾಗ ಸರ್ಕಾರ ಅಧ್ಯಕ್ಷರನ್ನಾಗಿ ಕೂರಿಸಿದ್ದು ಈ ಕುಲಪತಿಯನ್ನೇ. ಗೌರವ ಹೌದು. ವಿವಿ ಎಲ್ಲಿ ಮುಗಿಯುತ್ತದೆ, ಸರ್ಕಾರ ಎಲ್ಲಿ ಶುರುವಾಗುತ್ತದೆ ಅನ್ನೋದು ಮಾತ್ರ ಇನ್ನಷ್ಟು ಮಸುಕಾಯಿತು. 1926ರಿಂದ 1930ರವರೆಗೆ ರಿಜಿಸ್ಟ್ರಾರ್ ಆಗಿದ್ದವರು ಇಂಗ್ಲಿಷ್ ಮೇಷ್ಟ್ರು ಬಿ.ಎಂ. ಶ್ರೀಕಂಠಯ್ಯ. ಆ ಹೊತ್ತಿನಲ್ಲೇ, 1927ರಲ್ಲಿ, ಕನ್ನಡ ಎಂ.ಎ. ಶುರುವಾಯಿತು. ಆ ತರಗತಿಯಲ್ಲಿ ಕೂತಿದ್ದ ಕುವೆಂಪು ಮುಂದೆ ಇದೇ ವಿವಿಗೆ ಕುಲಪತಿಯಾದರು. ನಿಯಮಕ್ಕಿಂತ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನೋದೇ ಆಗ ಜಾಸ್ತಿ ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ. ಒಳ್ಳೆಯವರು ಸಿಕ್ಕಿದ್ದು ಅದೃಷ್ಟ. ಅದೃಷ್ಟವನ್ನು ಕಾಯ್ದೆಯಲ್ಲಿ ಬರೆಯೋಕಾಗಲ್ಲ, ಅಲ್ವಾ?

ಮುಂದಿನದು ಬೇಗ ಹೇಳಬಹುದು. 1956ರಲ್ಲಿ ಹೊಸ ಕಾಯ್ದೆ, 1964ರಲ್ಲಿ ಬೆಂಗಳೂರು ವಿವಿ ಬೇರೆಯಾಯಿತು, 1976 ಮತ್ತು 2000ದ ಕಾಯ್ದೆಗಳಲ್ಲಿ ರಾಜ್ಯದ ವಿವಿಗಳಿಗೆಲ್ಲ ಒಂದೇ ಅಚ್ಚು. ಇದರ ನಡುವೆ ಮಹಾರಾಜರ ಕುಲಾಧಿಪತಿ ಕುರ್ಚಿ ರಾಜ್ಯಪಾಲರದಾಯಿತು. ಬದಲಾವಣೆ ಆದದ್ದು ಯಾರಿಗೂ ಅಷ್ಟಾಗಿ ತಟ್ಟಲಿಲ್ಲವೇನೋ, ಯಾಕೆಂದರೆ ಮಹಾರಾಜ ಜಯಚಾಮರಾಜ ಒಡೆಯರೇ 1956ರಿಂದ 1964ರವರೆಗೆ ರಾಜ್ಯಪಾಲರೂ ಆಗಿದ್ದರು. ಅರಮನೆಗೆ ಹೊಲಿದ ಅಂಗಿಯನ್ನು ರಾಜಭವನಕ್ಕೆ ತೊಡಿಸಿದ್ದೇವೆ ಅಂತ ಗೊತ್ತಾಗಿದ್ದು ಅವರು ಹೋದ ಮೇಲೆ. ಆಮೇಲೆ ಬಂದವರನ್ನು ಕಳಿಸಿದ್ದು ದೆಹಲಿ, ವಿವಿಗೆ ದುಡ್ಡು ಕೊಟ್ಟಿದ್ದು ಬೆಂಗಳೂರು.

2024ರ ಡಿಸೆಂಬರಿನಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ವಿವಿಗೆ ಮುಖ್ಯಮಂತ್ರಿಯೇ ಕುಲಾಧಿಪತಿ ಎನ್ನುವ ಮಸೂದೆಯನ್ನು ವಿಧಾನಮಂಡಲ ಪಾಸು ಮಾಡಿತು. ಕಾನೂನಾಗಲು ಅದು ಹೋಗಬೇಕಾದದ್ದು ರಾಜ್ಯಪಾಲರ ಮೇಜಿಗೇ.