ಮೊಣಕೈ ನೋವು ಅಕ್ಯುಪಂಕ್ಚರ್‌ನಿಂದ ಹೋಗುತ್ತಾ?

ಪ್ರಶ್ನೆ: ದಿನವಿಡೀ ಮೌಸ್ ಹಿಡಿದು ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳಿಂದ ಬಲ ಮೊಣಕೈಯ ಹೊರಬದಿ ನೋಯುತ್ತಿದೆ. ಮಾತ್ರೆ ನುಂಗಿದರೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಅಕ್ಯುಪಂಕ್ಚರ್ ಮಾಡಿಸಿದರೆ ಪೂರ್ತಿ ಹೋಗುತ್ತಾ?

ನೋವು ತಗ್ಗಬಹುದು. ಪೂರ್ತಿ ಹೋಗಬೇಕಾದರೆ ಅಕ್ಯುಪಂಕ್ಚರ್‌ನಲ್ಲಿ ಚುಚ್ಚುವ ಸೂಜಿಯ ಜೊತೆ ನಿಮ್ಮ ಕೈಯೂ ಸ್ವಲ್ಪ ಕೆಲಸ ಮಾಡಬೇಕು.

ನೀವು ಹೇಳುವ ನೋವಿಗೆ ಟೆನಿಸ್ ಎಲ್ಬೋ ಅನ್ನುತ್ತಾರೆ. ರಾಕೆಟ್ ಮುಟ್ಟದವರಿಗೇ ಇದು ಜಾಸ್ತಿ. ಮಣಿಕಟ್ಟನ್ನು ಮೇಲೆತ್ತುವ ಹೆಚ್ಚಿನ ಸ್ನಾಯುಗಳು ಮೊಣಕೈಯ ಹೊರಗಿನ ಉಬ್ಬು ಮೂಳೆಗೆ ಟೆಂಡನ್ ಎಂಬ ಗಟ್ಟಿ ಹುರಿಯ ಮೂಲಕ ಅಂಟಿಕೊಂಡಿವೆ. ಮೌಸ್ ಹಿಡಿದಾಗ ಮಣಿಕಟ್ಟು ಗಂಟೆಗಟ್ಟಲೆ ಮೇಲಕ್ಕೆ ಬಾಗಿರುತ್ತದೆ, ಅಲ್ವಾ? ಆ ಪುಟ್ಟ ಜಾಗಕ್ಕೆ ಬಿಡುವೇ ಇಲ್ಲ. ಏನನ್ನಾದರೂ ಬಿಗಿಯಾಗಿ ಹಿಡಿದರೂ ಇದೇ ಸ್ನಾಯುಗಳು ಎಳೆಯುತ್ತವೆ. ಅದಕ್ಕೇ ನೀರಿನ ಬಾಟಲಿ ಎತ್ತುವಾಗ, ಒದ್ದೆ ಬಟ್ಟೆ ಹಿಂಡುವಾಗ ಚುಳ್ ಅನ್ನುತ್ತದೆ.

ಮೊದಲೆಲ್ಲ ಇದನ್ನು ಉರಿಯೂತ ಅಂತಲೇ ನಂಬಿದ್ದರು. 1979ರಲ್ಲಿ ನಿರ್ಶಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು ಇಂಥ ಟೆಂಡನ್‌ಗಳನ್ನು ಪರೀಕ್ಷಿಸಿ ಬರೆದರು. ಅಲ್ಲಿ ಕಂಡದ್ದು ಸವೆದು, ಸರಿಯಾಗಿ ಕೂಡಿಕೊಳ್ಳದ ಎಳೆಗಳು. ಬರೀ ಮಾತ್ರೆಯಿಂದ ಈ ಎಳೆಗಳು ಸರಿಹೋಗುವುದಿಲ್ಲ.

ಈಗ ಸೂಜಿಯ ವಿಷಯ. ಸೂಜಿ ಕಾಲು ಮಿಲಿಮೀಟರಿನಷ್ಟು ತೆಳ್ಳಗಿರುತ್ತದೆ. ಮೊಣಕೈ ಮಡಿಕೆಯ ಹೊರತುದಿಗೆ ಒಂದು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹಾಕುವುದು ರೂಢಿ. ಒತ್ತಿ ನೋಡಿ, ನೋಯುವ ಜಾಗಕ್ಕೂ ಹಾಕುತ್ತಾರೆ. ಇಂಥ ಜಾಗಕ್ಕೆ ಚೀನೀ ಭಾಷೆಯಲ್ಲಿ ‘ಆ ಶಿ’ ಎಂಬ ಹೆಸರು. ‘ಆ, ಅದೇ!’ ಎಂಬ ಅರ್ಥ. ಇಪ್ಪತ್ತು ಮೂವತ್ತು ನಿಮಿಷ ಸುಮ್ನೆ ಕೂರಬೇಕು. ಸೂಜಿಯ ಸುತ್ತ ಭಾರ, ಜೋಮು ಅನ್ನಿಸಿದರೆ ಗಾಬರಿ ಬೇಡ. ಸೂಜಿ ನರವನ್ನು ಕೆಣಕಿದಾಗ ಮೈಯೇ ನೋವು ತಗ್ಗಿಸುವ ಎಂಡಾರ್ಫಿನ್ ಬಿಡುತ್ತದೆ.

ಎಷ್ಟು ಹೊತ್ತಿನ ಆರಾಮ? 1994ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಇದೇ ನೋವಿನ 48 ಜನರಿಗೆ ಒಂದೇ ಒಂದು ಸಲ ಚಿಕಿತ್ಸೆ. ಸೂಜಿ ಹಾಕಿದ್ದು ಕಾಲಿಗೆ! ನಿಜವಾದ ಸೂಜಿ ಪಡೆದವರಿಗೆ ಸರಾಸರಿ 20 ಗಂಟೆ ಆರಾಮ ಸಿಕ್ಕಿತು, ತೋರಿಕೆಯ ಚಿಕಿತ್ಸೆ ಪಡೆದವರಿಗೆ ಒಂದೂವರೆ ಗಂಟೆಯೂ ಇಲ್ಲ. 2002ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಇದೂ ಸೇರಿ ನಾಲ್ಕು ಸಣ್ಣ ಪರೀಕ್ಷೆಗಳನ್ನು ತೂಗಿ ನೋಡಿತು. ಚಿಕಿತ್ಸೆಯ ಲಾಭ 24 ಗಂಟೆ ದಾಟಿದ್ದಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ.

ಇಷ್ಟೇನಾ ಅನ್ನಿಸಬಹುದು. ನನಗೆ ಆ ಒಂದು ದಿನ ದೊಡ್ಡದಾಗಿ ಕಾಣುತ್ತದೆ. ಎಷ್ಟೋ ಜನ ನೋವು ಇಳಿದ ಖುಷಿಗೆ ಬಾಕಿ ಕೆಲಸವನ್ನೆಲ್ಲ ಅವತ್ತೇ ಮುಗಿಸಲು ಹೋಗಿ ಕೈ ಕೆಡಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಬಿಡುವಿನಲ್ಲಿ ವ್ಯಾಯಾಮ ಶುರು ಮಾಡಿ. ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಮುಖವಾಗಿರಲಿ, ಮಣಿಕಟ್ಟು ಅಂಚಿನಿಂದ ಆಚೆಗಿರಲಿ. ಅರ್ಧ ಕಿಲೋ ತೂಕ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ. ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಸಿ. ಹತ್ತು ಹದಿನೈದು ಸಲ ಸಾಕು. ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ತೂಕ ಇಳಿಸಿ. ಟೆಂಡನ್ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಮೌಸ್ ಹಿಡಿಯುವಾಗ ಮುಂಗೈಗೆ ಆಸರೆ ಕೊಡಿ, ಮಣಿಕಟ್ಟು ನೇರವಾಗಿರಲಿ.

ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಮೊದಲ ಆರು ವಾರ ಅದ್ಭುತ ಅನ್ನಿಸುತ್ತದೆ. ಆದರೆ 2006 ಮತ್ತು 2013ರ ದೊಡ್ಡ ಪರೀಕ್ಷೆಗಳಲ್ಲಿ, ವರ್ಷದ ಕೊನೆಗೆ ಅದನ್ನು ಪಡೆದವರ ಸ್ಥಿತಿಯೇ ಹಿಂದುಳಿದಿತ್ತು.

ಬೆರಳು ಮರಗಟ್ಟುತ್ತಿದ್ದರೆ, ಕತ್ತಿನಿಂದ ನೋವು ಇಳಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅದು ಬೇರೆ ತೊಂದರೆ ಇರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿ ಹಾಕುವವರಿಗೆ ಹೇಳಿ. ಪೇಸ್‌ಮೇಕರ್ ಇದ್ದವರು ಕರೆಂಟ್ ಹಾಯಿಸುವ ಸೂಜಿ ಬೇಡ ಅನ್ನಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು.

ವಾರಕ್ಕೊಮ್ಮೆ ಅದೇ ನೀರಿನ ಬಾಟಲಿಯನ್ನು ಎತ್ತಿ ನೋಡಿ, ನೋವು ಹತ್ತಕ್ಕೆ ಎಷ್ಟು ಅಂತ ಬರೆದಿಡಿ. ಆರು ಸಲ ಸೂಜಿ ಹಾಕಿಸಿದ ಮೇಲೂ ಆ ಅಂಕಿ ಇಳಿಯದಿದ್ದರೆ ಸೂಜಿ ನಿಲ್ಲಿಸಿ, ವ್ಯಾಯಾಮ ಮುಂದುವರಿಸಿ.