ವಾರಕ್ಕೊಮ್ಮೆ ತೋಟಕ್ಕೆ ಹೋಗುವವರಿಗೆ ಪಿಕಪ್ಪೋ, ಜೋರಾಗಿ ಓಡುವ ಕಾರೋ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ಸಕಲೇಶಪುರದ ಹತ್ತಿರ ಹನ್ನೆರಡು ಎಕರೆ ರೊಬಸ್ಟಾ ಕಾಫಿ ತೋಟ. ಅಪ್ಪ ಅಮ್ಮ ತೋಟದಲ್ಲೇ ಇದ್ದಾರೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ಸಂಜೆ ವಾಪಸ್ ಬರುತ್ತೇನೆ. ಹಳೆ ಕಾರು ಮಾರಿ ಹೊಸದು ತಗೋಬೇಕು. ಇಸುಝು ವಿ-ಕ್ರಾಸ್ ಥರದ ಪಿಕಪ್ ತಗೊಂಡರೆ ಗೊಬ್ಬರ, ಪೈಪು, ಕಾಫಿ ಮೂಟೆ ಎಲ್ಲಕ್ಕೂ ಆಗುತ್ತದೆ ಎನ್ನುವುದು ಅಪ್ಪನ ಮಾತು. ನನ್ನ ಮನಸ್ಸಿರುವುದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮೇಲೆ. ಯಾವುದು ಸರಿ?

ಉತ್ತರ: ಲೋಡು ಹೊರುವುದಕ್ಕೆ ಎಂದು ಈ ಪಿಕಪ್ ತಗೋಬೇಡಿ. ತೋಟದ ಮನೆಗೆ ಹೋಗುವ ಕೊನೆಯ ಒಂದೆರಡು ಕಿಲೋಮೀಟರ್ ದಾರಿ ಮಳೆಗಾಲದಲ್ಲಿ ಕಾರಿಗೆ ಆಗದಂತಿದ್ದರೆ ಆಗ ತಗೊಳ್ಳಿ. ಮಲೆನಾಡಿನಿಂದ ಈ ಪ್ರಶ್ನೆ ಬಂದಾಗಲೆಲ್ಲ ಮಾತು ಮೂಟೆಯಿಂದ ಶುರುವಾಗುತ್ತದೆ. ಶುರುವಾಗಬೇಕಾದ್ದು ದಾರಿಯಿಂದ.

ಆದರೂ ಅಪ್ಪನ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕಲ್ಲ, ಅದನ್ನು ಮೊದಲು ನೋಡೋಣ. ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಥರದ ಐದು ಸೀಟಿನ ಪಿಕಪ್‌ಗಳು ಬಿಳಿ ಬೋರ್ಡಿನ ಖಾಸಗಿ ವಾಹನಗಳು. ನೋಡಲು ಲಾರಿಯ ತಮ್ಮನಂತಿದ್ದರೂ ಕಾಗದದಲ್ಲಿ ಹೊರಬಹುದಾದ ತೂಕ ಕಡಿಮೆ. ತಿಳಿಯುವ ದಾರಿ ಸುಲಭ: ದಾಖಲೆಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಡ್ರೈವರ್ ಸೇರಿ ಎಲ್ಲ ಜನ, ಸಾಮಾನು, ಆಮೇಲೆ ನೀವು ಹಾಕಿಸಿದ ಕ್ಯಾನೊಪಿ (ಹಿಂದಿನ ತೊಟ್ಟಿಯ ಮುಚ್ಚಿಗೆ), ಬಂಪರ್ ಎಲ್ಲವೂ ಬರಬೇಕು. ಉಳಿದದ್ದು 450 ಕೆಜಿ ಎಂದಿಟ್ಟುಕೊಳ್ಳಿ. ನಾಲ್ಕು ಜನ ಕೂತರೆ 270 ಕೆಜಿ ಹೋಯಿತು. ಹಿಂದಕ್ಕೊಂದು 60 ಕೆಜಿ ಕ್ಯಾನೊಪಿ ಇದ್ದರೆ ಉಳಿದದ್ದು 120. ಅಂದರೆ 45 ಕೆಜಿಯ ಯೂರಿಯಾ ಚೀಲ ಎರಡು. ಅಷ್ಟನ್ನು ವರ್ಟಸ್‌ನ 521 ಲೀಟರ್ ಡಿಕ್ಕಿಯೂ ಹೊರುತ್ತದೆ, ಕೆಳಗೊಂದು ಟಾರ್ಪಾಲು ಹಾಸಿದರೆ ಆಯಿತು.

ಇನ್ನು ಕಾಫಿ. ಎಕರೆಗೆ ಹತ್ತು ಮೂಟೆ ಎಂದೇ ಹಿಡಿದರೂ 50 ಕೆಜಿಯ 120 ಮೂಟೆ, ಆರು ಟನ್. ಅದೇ ಪಿಕಪ್‌ನಲ್ಲಿ ಕ್ಯಾನೊಪಿ ಇಲ್ಲದೆ ಡ್ರೈವರ್ ಒಬ್ಬರೇ ಹೋದರೂ ಸಲಕ್ಕೆ ಏಳು ಮೂಟೆ, ಹದಿನೆಂಟು ಓಡಾಟ. 1.7 ಟನ್ ಹೊರುವ ಬೊಲೆರೋ ಪಿಕಪ್‌ನಲ್ಲಿ ನಾಲ್ಕೇ ಓಡಾಟ. ಬೊಲೆರೋ ಹಿಂಭಾಗ ಹತ್ತಡಿ ಉದ್ದ, ಐದು ಸೀಟಿನ ಪಿಕಪ್‌ನದು ಹೆಚ್ಚುಕಡಿಮೆ ಐದಡಿ. ಸ್ಪ್ರಿಂಕ್ಲರ್ ಪೈಪು ಬರುವುದು ಆರು ಮೀಟರ್, ಇಪ್ಪತ್ತಡಿ. ಕಾಳುಮೆಣಸು ಕೀಳುವ ಏಣಿ ಅದಕ್ಕಿಂತ ಉದ್ದ. ಐದಡಿ ತೊಟ್ಟಿಯಲ್ಲಿ ಇದನ್ನೆಲ್ಲ ಸಾಗಿಸುವುದೆಂದರೆ ಮುಕ್ಕಾಲು ಪಾಲು ಹೊರಗೆ ಚಾಚಿಕೊಂಡೇ ಹೋಗಬೇಕು. ಚಾಚಿದ ಲೋಡಿಗೂ ಮಿತಿ ಮೀರಿದ ಲೋಡಿಗೂ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000 ರೂಪಾಯಿಯಿಂದ ಶುರು. ಅದಕ್ಕಿಂತ ಭಯದ ಸಂಗತಿ ಶಿರಾಡಿ ತಿರುವಿನಲ್ಲಿ ಹಿಂದೆ ಬರುವ ಬೈಕಿನವನ ಎದೆಮಟ್ಟಕ್ಕೆ ಚಾಚಿದ ಪೈಪು. ಪಕ್ಕದ ತೋಟದವರ ಕಾಫಿಯನ್ನು ಬಾಡಿಗೆಗೆ ಒಯ್ಯುವ ಯೋಚನೆಯಿದ್ದರೆ ಈಗಲೇ ಬಿಡಿ. ಬಿಳಿ ಬೋರ್ಡಿನಲ್ಲಿ ದುಡ್ಡು ತಗೊಂಡು ಸಾಗಿಸುವಾಗ ಅಪಘಾತವಾದರೆ ವಿಮೆ ಕೈಕೊಡುತ್ತದೆ. ಕೂಲಿ ಜನರನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು ಹೋಗುವುದಕ್ಕೂ ಇದೇ ಮಾತು. ಬಹಳ ತೋಟಗಳಲ್ಲಿ ನಡೆಯುತ್ತದೆ ನಿಜ, ಆದರೆ ಒಂದು ಜೀವ ಹೋದರೆ ಅದರ ಹೊಣೆ ಹೊರುವವರು ನೀವು.

ಹಾಗಾಗಿ ಲೋಡಿನ ಕೆಲಸವನ್ನು ಊರಿನ ಬಾಡಿಗೆ ಪಿಕಪ್‌ಗೆ ಬಿಡಿ. ವರ್ಷಕ್ಕೆ ನಿಮಗೆ ಅದು ಬೇಕಾಗುವುದು ಗೊಬ್ಬರದ ಹೊತ್ತಿಗೆ, ಕಾಫಿ ಮಾರುವಾಗ, ಪೈಪು ಮರಮಟ್ಟು ತರುವಾಗ. ಹತ್ತು ಹದಿನೈದು ದಿನ.

ಈಗ ದಾರಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ತೀರ್ಮಾನ ಇರುವುದೇ ಇಲ್ಲಿ.

ವರ್ಟಸ್‌ನ ತಳಕ್ಕೂ ನೆಲಕ್ಕೂ ಇರುವ ಅಂತರ 179 ಮಿಲಿಮೀಟರ್. ಆದರೆ ಅದು ಖಾಲಿ ಕಾರಿನದು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಆದರೆ ಕಾರು ಕೂರುತ್ತದೆ. ಗುಂಡಿಗೆ ಇಳಿದಾಗ ಇನ್ನಷ್ಟು ಕೂರುತ್ತದೆ. ತೋಟದ ದಾರಿಯಲ್ಲಿ ಕಾರಿನ ತಳ ತಾಗುವುದು ಬಹುತೇಕ ಹಳ್ಳದಿಂದಲ್ಲ, ನಡುದಿಬ್ಬದಿಂದ. ಜೀಪು, ಟ್ರ್ಯಾಕ್ಟರ್ ಓಡಿ ಓಡಿ ಎರಡು ಚಕ್ರದ ಜಾಡು ಇಳಿದಿರುತ್ತದೆ, ನಡುವೆ ಹುಲ್ಲು ಬೆಳೆದು ಮಣ್ಣು ಎದ್ದಿರುತ್ತದೆ. ಹುಲ್ಲು ಅಡ್ಡಿಯಲ್ಲ, ಹುಲ್ಲಿನೊಳಗೆ ಕೂತ ಕಲ್ಲು ಅಡ್ಡಿ. ಐದಡಿ ಉದ್ದದ ನೆಟ್ಟನೆಯ ರೀಪು ಒಂದು, ಅಳತೆ ಪಟ್ಟಿ ಒಂದು ತಗೊಂಡು ದಾರಿಯುದ್ದಕ್ಕೂ ನಡೆಯಿರಿ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ರೀಪನ್ನು ದಿಬ್ಬದ ಮೇಲೆ ಅಡ್ಡ ಇಟ್ಟು ಮಟ್ಟ ಮಾಡಿ, ಎರಡೂ ತುದಿಯಿಂದ ಜಾಡಿನ ತಳಕ್ಕೆ ಎಷ್ಟಿದೆ ಅಳೆಯಿರಿ. ಹತ್ತು ಸೆಂಟಿಮೀಟರ್ ಒಳಗಿದ್ದರೆ ಕಾರು ನಿಶ್ಚಿಂತೆಯಿಂದ ಹೋಗುತ್ತದೆ. ಹದಿಮೂರು ದಾಟಿದರೆ ತುಂಬಿದ ಕಾರಿನ ತಳ ಉಜ್ಜುತ್ತದೆ. ಮೊದಲು ಕಿತ್ತುಹೋಗುವುದು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ, ಅದು ಹೋದಮೇಲೆ ಎಂಜಿನ್ ಆಯಿಲ್ ನಿಲ್ಲುವ ಸಂಪ್‌ಗೆ ಕಾವಲಿಲ್ಲ. ಅಂಥ ಜಾಗ ಮೂರು ನಾಲ್ಕೇ ಇದ್ದರೆ ಕಾರು ಬದಲಿಸಬೇಡಿ, ದಾರಿ ಸರಿಮಾಡಿ. ದಿಬ್ಬ ಕೆತ್ತಿಸಿ, ಜಾಡಿಗೆ ಜಲ್ಲಿ ತುಂಬಿಸಿ, ನೀರು ಅಡ್ಡ ಹಾಯುವಲ್ಲಿ ಒಂದು ಮೋರಿ ಹಾಕಿಸಿ. ಎಷ್ಟು ಕೊಟ್ಟರೂ ಎರಡು ವಾಹನದ ಬೆಲೆಯ ವ್ಯತ್ಯಾಸದ ಹತ್ತಿರಕ್ಕೂ ಬರುವುದಿಲ್ಲ, ಜೊತೆಗೆ ಬಾಡಿಗೆ ಪಿಕಪ್‌ನವರೂ ಮಳೆಗಾಲದಲ್ಲಿ ಗೊಣಗದೆ ಬರುತ್ತಾರೆ.

ಏರು ಇದ್ದರೆ ಲೆಕ್ಕ ಬೇರೆ. ವರ್ಟಸ್ ಮುಂದಿನ ಚಕ್ರದಿಂದ ಓಡುವ ಕಾರು. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಎಳೆಯಬೇಕಾದ ಮುಂದಿನ ಚಕ್ರ ಹಗುರಾಗುತ್ತದೆ. ಕೆಳಗೆ ನೆನೆದ ಕೆಂಪು ಮಣ್ಣು ಬಂದರೆ ಚಕ್ರ ಅಲ್ಲೇ ತಿರುಗಿ ಟಯರಿನ ಗೀರುಗಳಲ್ಲಿ ಮಣ್ಣು ತುಂಬಿಕೊಳ್ಳುತ್ತದೆ, ಆಮೇಲೆ ಟಯರು ಬೋಳು ಹಲಗೆಯಂತೆ. 150 ಕುದುರೆಶಕ್ತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಂಥ ಏರು ನಿಮ್ಮ ದಾರಿಯಲ್ಲಿದ್ದು, ಅದಕ್ಕೆ ಕಾಂಕ್ರೀಟ್ ಜಾಡು ಹಾಕಿಸಲು ಆಗದಿದ್ದರೆ ಪಿಕಪ್ ನಿಮ್ಮದು. ಆದರೆ ನಾಲ್ಕೂ ಚಕ್ರ ಓಡುವ ಫೋರ್ ಬೈ ಫೋರ್ ಇರುವುದನ್ನೇ ತಗೊಳ್ಳಿ. ಹಿಂದಿನ ಚಕ್ರ ಮಾತ್ರ ಓಡುವ ಪಿಕಪ್‌ನ ಬೆನ್ನು ಖಾಲಿಯಿದ್ದಾಗ ಅದರ ಗತಿಯೂ ಆ ಏರಿನಲ್ಲಿ ಕಾರಿನದೇ.

ಪಿಕಪ್ ಆಯ್ದುಕೊಂಡರೆ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ. ಹಿಂದಿರುವುದು ಪಟ್ಟಿ ಸ್ಪ್ರಿಂಗು. ತೂಕ ಹಾಕಿದರೆ ಮೆತ್ತಗೆ ಕೂರುತ್ತದೆ, ಖಾಲಿಯಿದ್ದರೆ ಹಂಪಿನ ಮೇಲೆ ಕುಪ್ಪಳಿಸುತ್ತದೆ. ಘಾಟಿಯಲ್ಲಿ ಮೊದಲ ಮಳೆ ಬಿದ್ದು ಟಾರಿನ ಮೇಲೆ ಎಣ್ಣೆ ಎದ್ದಿರುವಾಗ ತಿರುವಿನಲ್ಲಿ ಆಕ್ಸಲರೇಟರ್ ಜೋರಾಗಿ ಒತ್ತಿದರೆ ಹಗುರಾದ ಬಾಲ ಹೊರಕ್ಕೆ ಜಾರುತ್ತದೆ. 80 ಕೆಜಿಯಷ್ಟು ಮರಳಿನ ಚೀಲವನ್ನು ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ, ಕ್ಯಾಬಿನ್ ಕಡೆಗೆ ಇಟ್ಟು ಕಟ್ಟಿದರೆ ಹಿಡಿತ ಚೆನ್ನಾಗಿರುತ್ತದೆ. ತೊಟ್ಟಿಯ ಹಿಂಬಾಗಿಲ ಪಕ್ಕ ಇಡಬೇಡಿ, ಆಕ್ಸಲ್‌ನ ಹಿಂದೆ ಇಟ್ಟ ಭಾರ ಮುಂದಿನ ಚಕ್ರವನ್ನು ಎತ್ತಿ ಸ್ಟೀರಿಂಗ್ ಹಗುರ ಮಾಡುತ್ತದೆ. ಟಯರಿನ ಗಾಳಿ ಖಾಲಿಗೆ ಬೇರೆ, ಲೋಡಿಗೆ ಬೇರೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ನಾಲ್ಕೂ ಚಕ್ರ ಓಡಿಸುವ ಫೋರ್-ಎಚ್ ಹಾಕುವುದು ಮಣ್ಣಿನಲ್ಲಿ. ಒಣ ಟಾರಿನಲ್ಲಿ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಲಾಗದೆ ಗೇರು, ಶಾಫ್ಟುಗಳು ತಿರುಚಿಕೊಂಡು ತಡಬಡಾಯಿಸುತ್ತವೆ.

ಬಿಎಸ್-6 ಡೀಸೆಲ್ ಎಂಜಿನ್ನಿನ ಮಸಿ ಸೋಸುವ ಡಿಪಿಎಫ್ ಬಗ್ಗೆ ಶೋರೂಮಿನಲ್ಲಿ ಯಾರೂ ಕೂರಿಸಿ ಹೇಳುವುದಿಲ್ಲ. ವಾರವಿಡೀ ಆಫೀಸಿಗೆ ನಾಲ್ಕು ಕಿಲೋಮೀಟರ್ ತೆವಳಿದರೆ ಅದು ತುಂಬಿಕೊಳ್ಳುತ್ತದೆ. ಶುಕ್ರವಾರ ರಾತ್ರಿಯ ಹೆದ್ದಾರಿ ಓಟ ನಿಮ್ಮನ್ನು ಕಾಪಾಡುತ್ತದೆ, 60 ಕಿಮೀ ಮೇಲೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಮಸಿ ಸುಟ್ಟುಹೋಗುತ್ತದೆ. ಮಸಿ ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಎಂಜಿನ್ ಆಯಿಲ್‌ನೊಳಕ್ಕೆ ಡೀಸೆಲ್ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಸರ್ವೀಸ್ ದಿನಕ್ಕೆ ಕಾಯದೆ ಆಯಿಲ್ ಬದಲಿಸಿ.

ಬೆಂಗಳೂರಿನ ಕಡೆಯಿಂದ ಒಂದೇ ಮಾತು: ಉದ್ದ ಅಳೆಯಿರಿ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸಾಮಾನ್ಯವಾಗಿ 5 ಮೀಟರ್ ಉದ್ದ, ಈ ಪಿಕಪ್‌ಗಳು 5.3 ಮೀಟರ್. ಮೂಗೋ ಬಾಲವೋ ದಾರಿಗೆ ಬರುತ್ತದೆ. ವರ್ಟಸ್ 4.56 ಮೀಟರ್.

ಕಾರು ಆಯ್ದುಕೊಂಡರೆ ಎರಡು ಎಚ್ಚರಿಕೆ. ಡಿಎಸ್‌ಜಿ ಎನ್ನುವ ಏಳು ಗೇರಿನ ಆಟೊಮ್ಯಾಟಿಕ್‌ನ ಕ್ಲಚ್ ಒಣ ಕ್ಲಚ್. ಲಾರಿ ಸಾಲಿನ ಹಿಂದೆ ಏರಿನಲ್ಲಿ ಒಂದೊಂದೇ ಅಡಿ ತೆವಳಿಸಿದರೆ ಅದು ಬಿಸಿಯಾಗುತ್ತದೆ. ಬ್ರೇಕ್ ಒತ್ತಿ ನಿಂತು, ಮುಂದೆ ಎರಡು ಕಾರಿನಷ್ಟು ಜಾಗ ಆದಮೇಲೆ ಒಮ್ಮೆಲೇ ಹೊರಡಿ. ಏರಿನಲ್ಲಿ ಆಕ್ಸಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಆರು ಗೇರಿನ ಮ್ಯಾನ್ಯುಅಲ್ ಸಿಕ್ಕರೆ ನಮ್ಮ ಮತ ಅದಕ್ಕೇ. ಇನ್ನೊಂದು ಟಯರು. 205/55 ಆರ್16 ಟಯರಿನ ಪಕ್ಕದ ಗೋಡೆ ಬರೀ 113 ಮಿಮೀ, ಪಿಕಪ್ ಟಯರಿನದು 150 ದಾಟುತ್ತದೆ. ರಾತ್ರಿ ನೀರು ತುಂಬಿದ ಗುಂಡಿಗೆ ಜೋರಾಗಿ ಇಳಿಸಿದರೆ ಒಳಗಿನ ದಾರ ಹರಿದು ಪಕ್ಕದಲ್ಲಿ ನಿಂಬೆಗಾತ್ರದ ಉಬ್ಬು ಬರುತ್ತದೆ. ಆ ಟಯರನ್ನು ಪಂಕ್ಚರ್ ಅಂಗಡಿಯಲ್ಲಿ ಸರಿಮಾಡಲಾಗದು, ಅದರಲ್ಲಿ ಹೆದ್ದಾರಿ ಹತ್ತಲೂಬಾರದು.

ದುಡ್ಡಿನ ಲೆಕ್ಕ ಚಿಕ್ಕದು. ಪಿಕಪ್ 26 ಲಕ್ಷ, ಕಾರು 18 ಲಕ್ಷ ಎಕ್ಸ್‌ಶೋರೂಂ ಎಂದು ಹಿಡಿಯಿರಿ. ಕರ್ನಾಟಕದ ಆಜೀವ ತೆರಿಗೆ 20 ಲಕ್ಷ ದಾಟಿದರೆ ಶೇ 18, ಹತ್ತರಿಂದ ಇಪ್ಪತ್ತರ ನಡುವೆ ಶೇ 17, ಆ ತೆರಿಗೆಯ ಮೊತ್ತದ ಮೇಲೆ ಶೇ 11 ಸೆಸ್. ತೆರಿಗೆಯೇ ಒಂದಕ್ಕೆ 5.2 ಲಕ್ಷ, ಇನ್ನೊಂದಕ್ಕೆ 3.4 ಲಕ್ಷ. ಒಟ್ಟು ವ್ಯತ್ಯಾಸ ಹತ್ತು ಲಕ್ಷದ ಹತ್ತಿರ. ಇಂಧನದಲ್ಲಿ ಅಷ್ಟು ವ್ಯತ್ಯಾಸವಿಲ್ಲ. ವರ್ಷಕ್ಕೆ ನಲವತ್ತು ಸಲ ಹೋಗಿಬಂದರೆ 17,600 ಕಿಮೀ. ಪಿಕಪ್ ಲೀಟರಿಗೆ 12, ಕಾರು 16 ಕೊಟ್ಟರೆ, ಡೀಸೆಲ್ 91 ರೂಪಾಯಿ ಪೆಟ್ರೋಲ್ 103 ರೂಪಾಯಿ ಲೆಕ್ಕದಲ್ಲಿ ಒಂದಕ್ಕೆ 1.33 ಲಕ್ಷ, ಇನ್ನೊಂದಕ್ಕೆ 1.13 ಲಕ್ಷ. ಡೀಸೆಲ್ ಅಂದರೆ ಉಳಿತಾಯ ಎನ್ನುವ ಹಳೆಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಆ ಹತ್ತು ಲಕ್ಷದ ಒಂದು ಭಾಗದಲ್ಲಿ ತೋಟದಲ್ಲೇ ಉಳಿಯುವ ಹಳೆ ಫೋರ್ ವೀಲ್ ಜೀಪು ಬರುತ್ತದೆ. ಮಲೆನಾಡಿನ ಎಷ್ಟೋ ಮನೆಗಳು ನಡೆಸಿಕೊಂಡು ಬಂದ ಏರ್ಪಾಡು ಅದು: ಕಾರು ಟಾರಿನ ತುದಿಯ ಶೆಡ್ಡಿನಲ್ಲಿ, ಅಲ್ಲಿಂದ ಜೀಪು. ತಗೊಳ್ಳುವಾಗ ಎಂಜಿನ್ನಿಗಿಂತ ಮೊದಲು ಚಾಸಿ ನೋಡಿ, ಸ್ಪ್ರಿಂಗ್ ಹ್ಯಾಂಗರ್ ಬೆಸುಗೆಯ ಹತ್ತಿರ ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಬೇಡ. ಹದಿನೈದು ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯೇ ನೋಡಿ. ಲೋಡು ನಿಜವಾಗಿಯೂ ವಾರವಾರವೂ ಇದ್ದರೆ ಒಂದು ಟನ್ ಹೊರುವ ಬೊಲೆರೋ ಕ್ಯಾಂಪರ್ ತೋಟದ ಲೆಕ್ಕಕ್ಕೆ ತಗೊಳ್ಳಬಹುದು. ಹಳದಿ ಬೋರ್ಡು, ಒಟ್ಟು ತೂಕ 3,000 ಕೆಜಿ ದಾಟದಿದ್ದರೆ ಪರ್ಮಿಟ್ ಬೇಡ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). 2024ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದಕ್ಕೆ ನಿಮ್ಮ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು. ಬೆಂಗಳೂರು ಓಡಾಟಕ್ಕೆ ಮಾತ್ರ ಅದು ಬೇಡ, 80 ಕಿಮೀಗೆ ವೇಗ ಕಟ್ಟಿಹಾಕಿರುತ್ತಾರೆ.

ಕೊನೆಗೊಂದು ಮಾತು ಅಮ್ಮನದು. ಪಿಕಪ್‌ನ ಹಿಂದಿನ ಸೀಟಿನ ಒರಗು ನೆಟ್ಟಗೆ, ಹತ್ತುವ ಮೆಟ್ಟಿಲು ಎತ್ತರ. ಮಂಡಿನೋವಿನವರು ಹಾಸನದ ಆಸ್ಪತ್ರೆಗೆ ಹೋಗಿಬರುವ ದಿನ ಅದು ಗೊತ್ತಾಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿ, 30 ಕಿಮೀ ವೇಗದಲ್ಲಿ ನಾಲ್ಕು ಹಂಪು ದಾಟಿಸಿ, ಇಳಿದಮೇಲೆ ಅವರನ್ನೇ ಕೇಳಿ.

ಆ ಟೆಸ್ಟ್ ಡ್ರೈವ್ ಮಾಡಲು ಒಳ್ಳೆಯ ತಿಂಗಳು ಆಷಾಢ. ತೋಟದ ಜಾಡು ಆಗಲೇ ಅತಿ ಕೆಟ್ಟದಾಗಿರುತ್ತದೆ, ರೀಪು ಹಿಡಿದು ನಡೆದರೆ ಸುಳ್ಳು ಹೇಳುವುದಿಲ್ಲ. ಹೊಸ ಗಾಡಿ ಯಾರೂ ಮನೆಗೆ ತರದ ತಿಂಗಳಾದ್ದರಿಂದ ಶೋರೂಮಿನವರಿಗೂ ಪುರುಸೊತ್ತು, ಬೆಲೆಯ ಮಾತಿಗೂ ಸಡಿಲ. ಬುಕ್ ಮಾಡಿಟ್ಟು ಶ್ರಾವಣದಲ್ಲಿ ಡೆಲಿವರಿ ತಗೊಳ್ಳಿ.